ಅಂಗೈಗೆ ಕೇಳಿದ ಗಂಟೆ

ಆ ಕಾಲಕ್ಕೆ ಪಿರಿಯಾಪಟ್ಟಣದ ಬದಿಯ ನಮ್ಮೂರಿನಲ್ಲಿ ಗಡಿಯಾರಕ್ಕಿಂತ ಹೆಚ್ಚು ನಂಬಿಕೆಗೆ ಪಾತ್ರವಾಗಿದ್ದದ್ದು ನಮ್ಮ ಪುಟ್ಟ ಚರ್ಚಿನ ಗಂಟೆ. ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕುತ್ತಿದ್ದವರು, ನಮ್ಮ ಮತದವರಾಗಲಿ ಬಿಡಲಿ, ನಡುಹಗಲಿನ ಗಂಟೆ ಕೇಳಿದೊಡನೆ ಬಿಂದಿಗೆ ಇಳಿಸಿ ಊಟಕ್ಕೆ ಹೊರಡುತ್ತಿದ್ದರು. ಎರಡು ಕಲ್ಲುಕಂಬಗಳ ನಡುವೆ ತೂಗುತ್ತಿದ್ದ ಆ ಗಂಟೆ ವರ್ಷಕ್ಕೊಮ್ಮೆ ಮೂಕವಾಗುತ್ತಿತ್ತು. ಪಾಸ್ಕ ಹಬ್ಬಕ್ಕೆ, ಎಂದರೆ ಈಸ್ಟರಿಗೆ, ಮುಂಚಿನ ಗುರುವಾರ ಸಂಜೆ, ಯೇಸುಸ್ವಾಮಿಯ ಮರಣದ ದುಃಖಕ್ಕಾಗಿ, ಅದರ ಹಗ್ಗವನ್ನು ಸುತ್ತಿ ಮೇಲೆ ಕಟ್ಟಿಬಿಡುತ್ತಿದ್ದರು. ಅಲ್ಲಿಂದಾಚೆ, ಚರ್ಚು ನೋಡಿಕೊಳ್ಳುತ್ತಿದ್ದ ಉಪದೇಶಿ, ಊರ ಮಕ್ಕಳಿಗೆಲ್ಲ ತಾತನಾದ ಚೌರಪ್ಪ, ಮರದ ಹಲಗೆಯೊಂದನ್ನು ಕಟಕಟ ಬಡಿಯುತ್ತ ಬೀದಿ ಸುತ್ತಿ ಜನರನ್ನು ಪ್ರಾರ್ಥನೆಗೆ ಕರೆಯುತ್ತಿದ್ದರು. ಸ್ವಾಮಿ ಸಾವಿನಿಂದ ಎದ್ದ ಹಬ್ಬದ ಬೆಳಗ್ಗೆ ಹಗ್ಗ ಬಿಚ್ಚಿದರೆ ಗಂಟೆಗೆ ಮತ್ತೆ ಮಾತು.

ನನಗಾಗ ಒಂಬತ್ತು ವರ್ಷ, ತಮ್ಮ ಅಂತೋಣಿಗೆ ಐದು. ಹಿಂದಿನ ಮಳೆಗಾಲದ ಮೆದುಳು ಜ್ವರ ಅವನನ್ನು ಉಳಿಸಿ ಕಿವಿಗಳನ್ನು ಒಯ್ದಿತ್ತು. ಇನ್ನು ಕೇಳಿಸುವುದಿಲ್ಲವೆಂದು ಮೈಸೂರಿನ ಡಾಕ್ಟರು ಹೇಳಿ ಕಳಿಸಿದ್ದರು. ದೇವರು ಒಳ್ಳೆಯವನೆಂದು ಪ್ರತಿ ಭಾನುವಾರ ಹಾಡುತ್ತೇವಲ್ಲ, ಐದು ವರ್ಷದ ಮಗುವಿನ ಕಿವಿ ತೆಗೆದುಕೊಂಡು ಆತ ಏನು ಮಾಡಿಯಾನು? ಈ ಪ್ರಶ್ನೆಗೆ ನಾನೇ ಒಂದು ಉತ್ತರ ಕಂಡುಕೊಂಡೆ. ಗಂಟೆಯ ಮೌನದಂತೆ ಇದೂ ಕೆಲಕಾಲದ್ದು. ಹಬ್ಬದ ಬೆಳಗ್ಗೆ ಎರಡೂ ಒಟ್ಟಿಗೆ ಮರಳುತ್ತವೆ.

ಇದಕ್ಕೆ ನನ್ನ ಬಳಿ ಪುರಾವೆಯೂ ಇತ್ತು. ಅದು ಹುಣಸೆಹಣ್ಣು ಬಡಿಯುವ ಕಾಲ. ಜಗಲಿಯ ತುಂಬ ಹುಳಿ ವಾಸನೆ. ಅವ್ವನ ಕಣ್ಣು ತಪ್ಪಿಸಿ ಹಣ್ಣಿಗೆ ಉಪ್ಪು, ಮೆಣಸಿನಪುಡಿ ಹಚ್ಚಿ ಚೀಪುವುದೇ ಉಪವಾಸದ ಶುಕ್ರವಾರಗಳಲ್ಲಿ ನಾವು ಮಾಡುತ್ತಿದ್ದ ಪಾಪ. ಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದ ಅಂತೋಣಿಯ ಬೆನ್ನ ಹಿಂದೆ ನಿಂತು ತಟ್ಟೆ ಬಡಿದೆ, ಸೀಟಿ ಊದಿದೆ, ಹೆಸರು ಹಿಡಿದು ಕೂಗಿದೆ. ಅವನು ತಲೆಯೆತ್ತಲಿಲ್ಲ. ಆದರೆ ಅವ್ವ ಮರದ ಕೊಡತಿಯಿಂದ ಹಣ್ಣು ಬಡಿದಾಗ ಥಟ್ಟನೆ ತಿರುಗಿದ! ಮೂರು ಸಲ ಪರೀಕ್ಷಿಸಿದೆ. ಮೂರು ಸಲವೂ ತಿರುಗಿದ.

"ಅವ್ವಾ, ಇವನ್ಗೆ ಕೇಳ್ತಾ ಅದೆ! ಅಬ್ಬದ ದಿನ ಪೂರಾ ಬತ್ತದೆ, ನೋಡ್ತಿರು."

ಅವ್ವ ಕೊಡತಿ ಕೆಳಗಿಟ್ಟಳು. "ಸುಮ್ಕಿರೇ..." ಎಂದವಳು ತುಸು ತಡೆದು ಕೇಳಿದಳು, "ನಿಜಾನಾ?"

ಪಕ್ಕದ ಮನೆಯ ಮಾದೇವಿ, ನನ್ನ ತರಗತಿಯವಳು, ಕಿಸಕ್ಕನೆ ನಕ್ಕಳು. "ಗಂಟೆಗೂ ಇವನ್ ಕಿವಿಗೂ ಏನ್ ನೆಂಟಸ್ತನಾನೇ? ಬರ್ದೇ ಓದ್ರೆ?"

"ಬರ್ದೇ ಓದ್ರೆ ನನ್ ಕವಡೆ ಪೂರಾ ನಿನ್ಗೇ ಕಣೆ!"

ಹಬ್ಬದ ಬೆಳಗ್ಗೆ ಅವ್ವ ಅಂತೋಣಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ಹೊಸ ಅಂಗಿ ತೊಡಿಸಿ, ಗಂಟೆಯ ಎದುರಿಗೇ ತಂದು ನಿಲ್ಲಿಸಿದಳು. ಅಂಗಳದ ತುಂಬ ಹೊಂಗೆ ಹೂ. ತಾತ ಹಗ್ಗ ಬಿಚ್ಚಿ ಎಳೆದರು. ಗಂಟೆ ಮೊಳಗಿತು, ಮರದ ಮೇಲಿದ್ದ ಗೊರವಂಕಗಳು ಎದ್ದು ಹಾರಿದವು. ಅಂತೋಣಿ ಬಗ್ಗಿ ಹೂ ಆಯುತ್ತಲೇ ಇದ್ದ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಚರ್ಚಿನೊಳಕ್ಕೆ ಹೋಗಿಬಿಟ್ಟಳು. ಅವಳಲ್ಲಿ ಆ ಆಸೆ ಹುಟ್ಟಿಸಿದ್ದವಳು ನಾನೇ.

ಅಳುತ್ತ ತಾತನ ಮೇಲೆ ಹರಿಹಾಯ್ದೆ. "ಸ್ವಾಮಿ ಎದ್ದು ಬಂದ್ರು, ಗಂಟೆ ಬಂತು. ಇವನ್ ಕಿವಿ ಯಾಕ್ ಬರ್ನಿಲ್ಲ ತಾತ? ದೇವ್ರು ಒಳ್ಳೇವ್ರು ಅಂತೀರಲ್ಲ?"

"ಗೊತ್ತಿಲ್ಲ ಕಣವ್ವ" ಎಂದರು ತಾತ. "ನಮ್ ಮಗ ತೀರ್ಕಂಡಾಗಿಂದ ನಾನೂ ಕೇಳ್ತಾನೇ ಇವ್ನಿ."

"ಉತ್ರ ಬಂತಾ?"

"ಇಲ್ಲ."

"ಮತ್ತೆ ದಿನಾ ಗಂಟೆ ಯಾಕ್ ಒಡೀತೀರಿ?"

"ಕೇಳಾಕೆ ಅವ್ರನ್ ಬುಟ್ರೆ ಇನ್ಯಾರವ್ರೆ ನಂಗೆ? ಅವ್ರ ಮಗನ್ಗೂ ಮೊಳೆ ಒಡುದ್ರು. ನೋವ್ ತಿಳ್ದೋರತ್ರ ಕೇಳ್ತಿವ್ನಿ ಅನ್ನೋ ಧೈರ್ಯ, ಅಷ್ಟೇಯ."

ಹೇಳುತ್ತಲೇ ಹಗ್ಗ ಎಳೆದರು. ಅಷ್ಟರಲ್ಲಿ ಅಂತೋಣಿ ಕಲ್ಲುಕಂಬಕ್ಕೆ ಕೈ ಆನಿಸಿ ನಿಂತಿದ್ದ. ಬೆಚ್ಚಿಬಿದ್ದ, ಕೈ ತೆಗೆದು ನೋಡಿಕೊಂಡ, ಮತ್ತೆ ಇಟ್ಟ. ಕೆನ್ನೆಯನ್ನೂ ಒತ್ತಿದ. ಆಮೇಲೆ ಗಹಗಹಿಸಿ ನಕ್ಕು ಒಳಗೆ ಓಡಿದವನು, ಅವ್ವನನ್ನು ಎಳೆದು ತಂದು ಅವಳ ಅಂಗೈಯನ್ನು ಕಂಬದ ಮೇಲೆ ಇರಿಸಿ, ಹೊಡೆಯಿರೆಂದು ತಾತನಿಗೆ ಸನ್ನೆ ಮಾಡಿದ. ಕೊಡತಿಯ ಪೆಟ್ಟೂ ಹೀಗೇ ಅದುರಾಗಿ ಜಗಲಿಯ ನೆಲದಿಂದ ಅವನ ಮೈಗೆ ಮುಟ್ಟುತ್ತಿತ್ತೆಂದು ನನಗೆ ಹೊಳೆದದ್ದು ಆಗಲೇ. ಅವ್ವ ಅಳುತ್ತಲೇ ನಕ್ಕಳು. ಮಾದೇವಿ ಕವಡೆ ಕೇಳಲೇ ಇಲ್ಲ.

ಮುಂದೆ ಕಾಲೇಜಿನ ಚರ್ಚಾಕೂಟಗಳಲ್ಲಿ ದೇವರ ಒಳ್ಳೆಯತನದ ಪರವಾಗಿಯೂ ವಿರುದ್ಧವಾಗಿಯೂ ವಾದಿಸಿ ಗೆದ್ದಿದ್ದೇನೆ. "ಗೊತ್ತಿಲ್ಲ ಕಣವ್ವ" ಎನ್ನುವಷ್ಟು ನಂಬಿಕೆ ನನ್ನ ಯಾವ ವಾದದಲ್ಲೂ ಇರಲಿಲ್ಲ. ಕಿವಿ ಕೇಳದ ಮಕ್ಕಳಿಗೂ ಊರ ಶಾಲೆಯಲ್ಲೇ ಕಲಿಕೆ ಸಿಗಬೇಕೆಂದು ಇಂದು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದೇನೆ; ಉತ್ತರ ಬಾರದಿದ್ದರೂ ಮತ್ತೆ ಹೋಗಿ ಕೇಳುವುದನ್ನು ಕಲಿತದ್ದು ತಾತನಿಂದ.

ತಾತ ಈಗಿಲ್ಲ. ಚರ್ಚು ಹೊಸದಾಗಿದೆ. ಕಲ್ಲುಕಂಬಗಳು ಹೋಗಿ, ಹೊತ್ತುಹೊತ್ತಿಗೆ ಸ್ಪೀಕರಿನಲ್ಲಿ ರೆಕಾರ್ಡಿನ ಗಂಟೆ ಮೊಳಗುತ್ತದೆ. ಹಳೆಯ ಗಂಟೆ ಗೋಣಿಚೀಲದಲ್ಲಿದೆ, ಅದನ್ನು ಮತ್ತೆ, ಕೈಗೆಟುಕುವಂತೆ, ತೂಗುಹಾಕಿಸಬೇಕೆಂದು ಚರ್ಚಿನ ಸಭೆಯಲ್ಲಿ ಎರಡು ಸಲ ಕೇಳಿದ್ದೇನೆ. ಹುಣಸೂರಿನಲ್ಲಿ ಮರಗೆಲಸ ಮಾಡುವ ಅಂತೋಣಿ ಕಳೆದ ಹಬ್ಬಕ್ಕೆ ಬಂದಿದ್ದ. ಟೈಲ್ಸಿನ ಗೋಡೆಗೆ ಅಂಗೈ ಇಟ್ಟು ಕಾದ. ಸ್ಪೀಕರಿನಲ್ಲಿ ಗಂಟೆ ಮೊಳಗಿತು, ಗೋಡೆ ಅದುರಲಿಲ್ಲ. "ಹೊಡೆದರಾ?" ಎಂದು ಸನ್ನೆಯಲ್ಲಿ ಕೇಳಿದ. ಹೌದೆಂದು ತಲೆಯಾಡಿಸಿದೆ.

ಅವನು ಕೈ ತೆಗೆಯಲಿಲ್ಲ.