ಮುನಿದ ಗೂಡಿಗೆ ನೀರು

ಗಾಟ್ಲೆಂಡ್ ದ್ವೀಪದ ಬಡಗಣ ದಂಡೆಯಲ್ಲಿ ಸುಣ್ಣದ ಗೂಡು ಸುಡುತ್ತಿದ್ದ ಬೋತ್ವಿದ್‌ನಿಗೆ ಮುಂದಿನ ಹಲ್ಲುಗಳಿರಲಿಲ್ಲ. ಒಂದನ್ನು ಅಪ್ಪ ಉದುರಿಸಿದ್ದ, ಉಳಿದವನ್ನು ಅಣ್ಣ ಅಲ್ಗೊತ್. ಅಪ್ಪ ರುತ್ಗೆರನಿಗೆ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಭೇದವಿರಲಿಲ್ಲ, ಮಕ್ಕಳಿಬ್ಬರಿಗೂ ಸುಣ್ಣವೇ. ಸೌದೆ ತಡವಾದರೆ ಒದೆ, ಬೇಗ ಹಾಕಿದರೂ ಒದೆ. ಇಂಥವನನ್ನು ಊರು ‘ಕೈ ಸ್ವಲ್ಪ ಬಿರುಸು, ಕೆಲಸದಲ್ಲಿ ಮಾತ್ರ ಚಿನ್ನ’ ಎಂದು ಹೊಗಳುತ್ತಿತ್ತು. ಊರಿನ ಬಾಯಿಗೇನು, ಅದರ ಹಲ್ಲು ಉದುರಿರಲಿಲ್ಲವಲ್ಲ!

ಸಾಯುವ ಮುನ್ನ ಮುದುಕ ಕಸುಬಿನ ಗುಟ್ಟೆಂದು ಬಿಟ್ಟುಹೋದದ್ದು ಎರಡೇ ಮಾತು. ‘ಗೂಡಿನ ಬಾಯಿ ಮುಚ್ಚಬೇಡಿ. ಗೂಡು ಮುನಿದರೆ ನೀರು ಕೊಡಿ.’ ಯಾಕೆಂದು ಕೇಳಿದವರಿಗೆ ಅವನು ಬದುಕಿರುವವರೆಗೂ ಹಾರೆಯಿಂದಲೇ ಉತ್ತರ ಕೊಟ್ಟಿದ್ದ. ಹಾಗಾಗಿ ಯಾರೂ ಕೇಳಲಿಲ್ಲ.

ಕಾರಣ ಅಂಥ ಗಹನವಾದದ್ದೇನಲ್ಲ. ಕಲ್ಲು ಬೆಂಕಿಯಲ್ಲಿ ಕಾದಾಗ ತನ್ನೊಳಗಿನ ಗಾಳಿಯನ್ನು ಬಿಟ್ಟುಕೊಟ್ಟು ಸುಣ್ಣವಾಗುತ್ತದೆ. ಆದರೆ ಸುಣ್ಣವೂ ಅದೇ ಗಾಳಿಯನ್ನು ಮತ್ತೆ ನುಂಗಿ ಕಲ್ಲಾಗಬಲ್ಲದು. ಗೂಡಿನೊಳಗೆ ಎರಡೂ ಒಟ್ಟೊಟ್ಟಿಗೇ ನಡೆಯುತ್ತಿರುತ್ತವೆ. ಗಾಳಿ ಹೊರಗೆ ಹೋದಷ್ಟೂ ಸುಣ್ಣ ಗೆಲ್ಲುತ್ತದೆ, ಒಳಗೆ ತುಂಬಿಕೊಂಡಷ್ಟೂ ಕಲ್ಲು ಗೆಲ್ಲುತ್ತದೆ. ಕಲಿತವರು ಇದನ್ನು ಸಮತೋಲ ಎನ್ನುತ್ತಾರೆ. ನೀವು ಒತ್ತಿದರೆ, ಆ ಒತ್ತಡ ತಗ್ಗುವ ಕಡೆಗೇ ಅದು ವಾಲುತ್ತದೆ. ಧಗಧಗ ಉರಿಯುವ ಗೂಡಿಗೆ ನೀರೆರಚಿದರೆ ಅದು ಆವಿಯಾಗಿ ಕಲ್ಲು ಬಿಟ್ಟ ಗಾಳಿಯನ್ನು ಹೊತ್ತುಕೊಂಡು ಮೇಲಿನ ಬಾಯಿಂದ ಹೊರಬೀಳುತ್ತದೆ, ಕಲ್ಲು ಇನ್ನಷ್ಟು ಬಿಡುತ್ತದೆ. ಅದೇ ನೀರನ್ನು ಬೆಂಕಿ ಇಳಿದ ಮೇಲೆ ಹಾಕಿದರೆ ಸುಣ್ಣ ನೀರನ್ನೇ ಹಿಡಿದುಕೊಂಡು ಅರಳುತ್ತದೆ. ಹೂವಿನ ಹಾಗೆ ಅರಳುವುದಲ್ಲ. ಉಬ್ಬಿ, ಕುದಿದು, ಸಿಡಿಯುತ್ತದೆ. ಆದರೆ ಬೆಂಕಿಯಿದ್ದೂ ಬೇಯದ ಗೂಡಿಗೂ, ಬೆಂಕಿ ಸತ್ತ ಗೂಡಿಗೂ ಆ ಮನೆಯವರ ಬಾಯಲ್ಲಿ ಒಂದೇ ಮಾತು: ಮುನಿದಿದೆ.

ಅಪ್ಪನ ನಂತರ ಹಾರೆ ಅಲ್ಗೊತ್‌ನ ಕೈಗೆ ಬಂತು. ಹಾರೆ ಹಿಡಿದವನೇ ಗೂಡಿನ ಯಜಮಾನ. ಹಾರೆಯ ಜೊತೆಗೆ ಅಪ್ಪನ ಚಾಳಿಯೂ ಬಂತು. ಬೋತ್ವಿದ್ ಪ್ರತಿ ಸಂಜೆ ಬಾಸುಂಡೆ ಹೊತ್ತು ಮನೆಗೆ ಬರುತ್ತಿದ್ದ. ತೀರಾ ಎಂಬ ಅವನ ಹೆಂಡತಿ ಬೆನ್ನಿಗೆ ಕುರಿಯ ಕೊಬ್ಬು ಸವರುತ್ತ ಹಲ್ಲು ಕಚ್ಚುತ್ತಿದ್ದಳು.

“ಹಾರೆ ನನ್ ಕೈಗೆ ಬರ್ಲಿ, ಆ ಗೂಡಿನ ಮುಂದೆ ಹೊಡೆತ ಅನ್ನೋದೇ ಇರಲ್ಲ. ದೇವರಾಣೆ,” ಎಂದ ಬೋತ್ವಿದ್.

“ಆಣೆ ನೆನಪಿರ್ಲಿ. ನಿಮ್ ಕೈ ಯಾರ ಮೇಲಾದ್ರೂ ಎದ್ರೆ ನಾನು ಅವತ್ತೇ ತವರಿಗೆ. ರುತ್ಗೆರನ ಸೊಸೆಯಾಗಿ ಬಂದೋಳು ನಾನು, ಇನ್ನೊಬ್ಬ ರುತ್ಗೆರನ ಹೆಂಡ್ತಿಯಾಗಲ್ಲ.”

ಆ ಶರತ್ಕಾಲದಲ್ಲಿ ಕಡಲಗಾಳಿ ಹುಚ್ಚೆದ್ದು ಬೀಸಿತು. ಶಾಖ ಹಾರಿಹೋಗುತ್ತದೆಂದು ಅಲ್ಗೊತ್ ಗೂಡಿನ ಬಾಯಿಗೆ ಹುಲ್ಲುಹೆಂಟೆ ಹಾಸಿ ಮುಚ್ಚಿಸಿದ.

“ಅಣ್ಣ, ಅಪ್ಪ ಯಾವತ್ತೂ ಮುಚ್ಚಿದ್ದಿಲ್ಲ,” ಎಂದ ಬೋತ್ವಿದ್.

“ಅಪ್ಪ ಸತ್ತ. ನೀನೂ ಸಾಯ್ಬೇಕಾ?” ಹಾರೆ ಭುಜದ ಮೇಲೆ ಬಿತ್ತು.

ಗೂಡು ತೆರೆದ ದಿನ, ಸುಣ್ಣ ಕೊಳ್ಳಲು ಬಂದ ಹಡಗಿನ ನಾವಿಕ ಯೋಕುಮ್ ವಾಡಿಕೆಯಂತೆ ಸುಣ್ಣದ ಒಂದು ಗಡ್ಡೆಯನ್ನು ನೀರಿನ ಬಕೆಟ್ಟಿಗೆ ಹಾಕಿದ. ಮೇಲಿನ ಸಿಪ್ಪೆ ಬುಸುಗುಟ್ಟಿ ಪುಡಿಯಾಯಿತು. ಒಳಗಿನ ತಿರುಳು ಕಲ್ಲಾಗಿಯೇ ಕೂತಿತ್ತು.

“ಏನ್ ಯಜಮಾನ್ರೇ, ಸುಣ್ಣ ಕೇಳಿದ್ರೆ ಗೋರಿಕಲ್ಲು ಮಾರ್ತೀರಲ್ಲ!” ಎಂದು ಯೋಕುಮ್ ನಕ್ಕ.

ಅಲ್ಗೊತ್ ಅವನ ಮೂಗಿಗೆ ಗುದ್ದಿದ. ನಾವಿಕನ ಆಳುಗಳು ಅಲ್ಗೊತ್‌ನನ್ನು ನೆಲಕ್ಕೆ ಕೆಡವಿ ತುಳಿದರು. ಗೂಡಿನ ಆಳುಗಳು ಬಿಡಿಸಲು ಅವಸರ ಮಾಡಲಿಲ್ಲ. ಎಲ್ಲರ ಬೆನ್ನಿಗೂ ಹಳೆಯ ಲೆಕ್ಕವಿತ್ತು. ಆಮೇಲೆ ಗೂಡಿನ ಆಳುಗಳೇ ಆ ಬೇಯದ ತಿರುಳನ್ನು ಹಗ್ಗ ಕಟ್ಟಿ ಅಲ್ಗೊತ್‌ನ ಕೊರಳಿಗೆ ನೇತುಹಾಕಿ, ಹಾರೆ ಕಿತ್ತು ಬೋತ್ವಿದ್‌ನ ಕೈಗಿಟ್ಟರು. ರಕ್ತ ಉಗುಳುತ್ತಿದ್ದ ಅಣ್ಣನನ್ನು ನೋಡಿ ಬೋತ್ವಿದ್‌ನಿಗೆ ಮರುಕ ಬರಬೇಕಿತ್ತು. ಬರಲಿಲ್ಲ, ಖುಷಿಯಾಯಿತು.

ಮುಂದಿನ ಗೂಡಿಗೆ ಅವನೇ ಯಜಮಾನ, ಅಣ್ಣ ಒಲೆಯ ಕಂಡಿಗೆ ಸೌದೆ ತಳ್ಳುವ ಆಳು. ಬೋತ್ವಿದ್ ಬಾಯಿ ತೆರೆದಿಟ್ಟು, ಬೆಂಕಿ ಬೆಳ್ಳಗೆ ಉರಿಯುವಾಗ ಅಪ್ಪನಂತೆಯೇ ನೀರು ಹಾಕಿಸಿದ. ಕಲ್ಲು ಚೆನ್ನಾಗಿ ಬೆಂದು ಬರುತ್ತಿತ್ತು. ಅಣ್ಣನ ನಾಲಿಗೆ ಮಾತ್ರ ತಣ್ಣಗಾಗಲಿಲ್ಲ.

“ಹಲ್ಲಿಲ್ಲದ ಯಜಮಾನ್ರೇ, ಗೂಡಿಗೆ ನೀರು ಕುಡಿಸಿದ್ದಾಯ್ತು. ತೊಟ್ಟಿಲು ಯಾವಾಗ ಕಟ್ತೀರಿ?”

ಎರಡು ದಿನ ಸಹಿಸಿದ ಬೋತ್ವಿದ್ ಮೂರನೆಯ ದಿನ ಹಾರೆ ಬಿಸುಟು ಅಣ್ಣನ ಕುತ್ತಿಗೆಗೆ ಕೈಹಾಕಿದ. ಇಬ್ಬರೂ ಸೌದೆಯ ರಾಶಿಯ ಮೇಲೆ ಉರುಳಾಡಿದರು, ಕಚ್ಚಿದರು, ಗುದ್ದಿದರು. ಆಳುಗಳು ಎರಡು ಪಕ್ಷವಾಗಿ ತಾವೂ ಬಡಿದಾಡಿಕೊಂಡರು. ಆಮೇಲೆ ಎಲ್ಲರೂ ಗಾಯ ನೆಕ್ಕುತ್ತ, ಮನೆಯಲ್ಲೇ ಮಾಡಿದ ಬಿಯರು ಕುಡಿದು ಮಲಗಿದರು. ಮರುದಿನ ಮಧ್ಯಾಹ್ನದವರೆಗೆ ಒಬ್ಬನೂ ಸೌದೆ ಹಾಕಲಿಲ್ಲ. ತೆರೆದ ಕಂಡಿಯಿಂದ ಕಡಲಗಾಳಿ ನುಗ್ಗಿ ಕೆಳಗಿನ ಕಲ್ಲುಗಳನ್ನು ಆರಿಸಿತು.

ತೀರಾ ಗಂಡನಿಗೆ ರೊಟ್ಟಿ, ಉಪ್ಪುಮೀನು ತಂದಿದ್ದಳು. ಅವಳೆದುರೇ ಬೋತ್ವಿದ್ ಕಂಡಿಗೆ ಬಗ್ಗಿ ನೋಡಿದ. ಒಳಗೆ ಕೆಂಪೇ ಇಲ್ಲ.

“ಮುನಿದಿದೆ. ನೀರು ಹಾಕು,” ಎಂದ ಅಣ್ಣನಿಗೆ.

“ಬೆಂಕಿ ಇಳಿದಿದೆ ಕಣೋ. ಮೊದ್ಲು ಸೌದೆ ಹಾಕೋಣ.”

“ಅಪ್ಪ ಏನಂದಿದ್ದ? ಮುನಿದ್ರೆ ನೀರು!”

“ತಮ್ಮಾ, ಇದು ಆ ಮುನಿಸಲ್ಲ. ಈಗ ಹಾಕಿದ್ರೆ ಒಳಗೇ ಅರಳತ್ತೆ.”

ಜೀವಮಾನದಲ್ಲಿ ಮೊದಲ ಸಲ ಅಲ್ಗೊತ್ ಮೆತ್ತಗೆ ಮಾತಾಡಿದ್ದ. ಬೋತ್ವಿದ್‌ನಿಗೆ ಅದೂ ಅಣಕದಂತೆಯೇ ಕೇಳಿತು. ಹಾರೆ ಎತ್ತಿ ಅಣ್ಣನ ಪಕ್ಕೆಗೆ ಬಾರಿಸಿದ. ಮೂಳೆ ಮುರಿದ ಸದ್ದು ತೀರಾಳಿಗೂ ಕೇಳಿತು. “ಹಾಕು!” ಎಂದು ಇನ್ನೊಂದು ಬಾರಿಸಿದ.

ಅಲ್ಗೊತ್ ಪಕ್ಕೆ ಹಿಡಿದುಕೊಂಡೇ ಬಕೆಟ್ ಎತ್ತಿ ಕಂಡಿಯೊಳಗೆ ಸುರಿದ. ಅರೆಕ್ಷಣ ಏನೂ ಆಗಲಿಲ್ಲ. ಆಮೇಲೆ ಗೂಡು ಗುಡುಗಿತು. ಕಂಡಿಯಿಂದ ಕುದಿಯುವ ಬಿಳಿಯ ರಾಡಿ ಅವನ ಮುಖಕ್ಕೆ ಚಿಮ್ಮಿತು, ಕಂಡಿಯ ಮೇಲಿನ ಗೋಡೆ ಬಿರಿದು ಕುಸಿಯಿತು. ಅಲ್ಗೊತ್ ಕೂಗಿದ ಕೂಗು ಬಂದರಿನವರೆಗೆ ಹೋಯಿತು. ಬೋತ್ವಿದ್ ಅವನನ್ನು ಎಳೆದೊಯ್ದು ಕಡಲಿನಲ್ಲಿ ಮುಖ ತೊಳೆದೇ ತೊಳೆದ. ತೊಳೆದಷ್ಟೂ ಕಣ್ಣಿನ ಜಾಗದಲ್ಲಿ ಹಾಲಿನ ಬಣ್ಣವೇ ಕಂಡಿತು.

ತೀರಾ ರೊಟ್ಟಿಯ ಬುಟ್ಟಿಯನ್ನು ಅಲ್ಲೇ ಇಟ್ಟು ತವರಿಗೆ ಹೋದಳು. ಮತ್ತೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

ವಿಚಾರಿಸಲು ಬಂದವರಿಗೆ ಅಲ್ಗೊತ್ “ನಾನೇ ತಲೆ ಕೆಟ್ಟು ನೀರು ಸುರಿದೆ” ಎಂದುಬಿಟ್ಟ. ಯಾಕೆ ಹಾಗೆಂದನೋ ಅವನೇ ಬಲ್ಲ. ಆ ಮಾತು ಬೋತ್ವಿದ್‌ನನ್ನು ಒಳಗೊಳಗೇ ಸುಟ್ಟಿತು. ಅಣ್ಣನನ್ನು ಮನೆಗೆ ಕರೆತಂದ. ಉಣಿಸಿದ, ತೊಳೆದ, ಕೈಹಿಡಿದು ಕಕ್ಕಸಿಗೆ ಕರೆದೊಯ್ದ. ಚಳಿಗಾಲ ಮುಗಿಯುವ ಹೊತ್ತಿಗೆ ತಡೆಯಲಾರದೆ ಒಂದು ಮುಂಜಾನೆ ಅಣ್ಣನ ಮುಂದೆ ಮಂಡಿಯೂರಿ ಕೂತ.

“ಅಣ್ಣ, ಹೊಡೀ ನನ್ನ.”

“ಎಲ್ಲಿದೆ ಮುಖ? ಹತ್ರ ಬಾ.”

ಅಲ್ಗೊತ್ ಎಡಗೈಯಿಂದ ತಡಕಿ ತಮ್ಮನ ಕೆನ್ನೆ ಹಿಡಿದುಕೊಂಡು, ಬಲಗೈ ಬಿಗಿದು ಗುದ್ದಿದ. ಮತ್ತೆ ಗುದ್ದಿದ. ಬೋತ್ವಿದ್ ಕೈ ಅಡ್ಡ ಇಡಲಿಲ್ಲ. ತುಟಿ ಒಡೆದು ಗಲ್ಲದವರೆಗೆ ರಕ್ತ ಇಳಿಯಿತು.

“ಸಾಕಾಯ್ತೇನೋ?” ಏದುಸಿರು ಬಿಡುತ್ತ ಅಲ್ಗೊತ್ ಕೇಳಿದ.

“ಇಲ್ಲ ಅಣ್ಣ.”

“ನಂಗೂ ಇಲ್ಲ,” ಎಂದ ಅಲ್ಗೊತ್. “ನಾಳೆ ಬೆಳಿಗ್ಗೆನೂ ಬಾ.”