ಫ್ರಿಜ್ಜಿನ ಬೆನ್ನ ಹಿಂದೆ

ಎಂಬತ್ತರ ದಶಕದ ನಡುವಿನ ಮಾತು. ಯಲಹಂಕದಲ್ಲಿ, ಪುಟ್ಟೇನಹಳ್ಳಿ ಕೆರೆಯ ಕಡೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಎರಡು ಕೋಣೆಯ ಬಾಡಿಗೆ ಮನೆ. ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ. ನಾಲ್ಕು ತಿಂಗಳ ಮಗಳನ್ನು ತವರಿನಿಂದ ಕರೆತಂದಿದ್ದೆ. ಕೂಸನ್ನು ನೋಡಿಕೊಳ್ಳಲು ಅತ್ತೆ ಗದಗದ ಕಡೆಯ ಊರಿನಿಂದ ಬಂದಿದ್ದರು.

ಆ ಸಾಲಿನಲ್ಲಿ ಫ್ರಿಜ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ವರ್ಗವಾಗಿ ಹೊರಟಿದ್ದ ಕುಟುಂಬವೊಂದರಿಂದ ಕೊಂಡ ಹಳೆಯ ಫ್ರಿಜ್ ಅದು. ಪಕ್ಕದ ಮನೆಯ ಚಾಚಾಗೆ ಸಕ್ಕರೆ ಕಾಯಿಲೆ. ಅವರ ಇನ್ಸುಲಿನ್ ಬಾಟಲಿಯೂ ನಮ್ಮ ಫ್ರಿಜ್ಜಿನಲ್ಲೇ ಇರುತ್ತಿತ್ತು. ದಿನಾ ಬೆಳಿಗ್ಗೆ ಚಾಚಿ ಬಂದು ಒಯ್ಯುವರು, ಗಂಡನಿಗೆ ಸೂಜಿ ಚುಚ್ಚಿ ತಿರುಗಿ ತಂದಿಡುವರು. ಅತ್ತೆಗೆ ಮಾತ್ರ ಫ್ರಿಜ್ ಕಂಡರೆ ಆಗುತ್ತಿರಲಿಲ್ಲ. ಅದನ್ನು "ತಂಗಳ ಪೆಟಗಿ" ಎಂದೇ ಕರೆಯುತ್ತಿದ್ದರು.

ಮಳೆ ಹಿಡಿದುಕೊಂಡಿದ್ದ ಒಂದು ಬೆಳಿಗ್ಗೆ ಬಾಟಲಿ ಕೈಗೆತ್ತಿಕೊಂಡ ಚಾಚಿ ಹಾಗೇ ನಿಂತರು.

"ಬೇಟಿ, ಬಾಟ್ಲಿ ತಣ್ಣಗೇ ಇಲ್ಲ ಕಣಮ್ಮಾ."

ನೋಡಿದರೆ ಐಸ್ ಟ್ರೇಯಲ್ಲಿ ಬರೀ ನೀರು. ಒಳಗಿನ ದೀಪವೇನೋ ಉರಿಯುತ್ತಿತ್ತು, ತಂಪು ಹೆಚ್ಚು ಕಡಿಮೆ ಮಾಡುವ ಗುಂಡಿಯೂ ಇದ್ದಲ್ಲೇ ಇತ್ತು. ಹಾಲು ಕೆಟ್ಟರೆ ಚೆಲ್ಲಬಹುದು, ಔಷಧಿ ಕೆಟ್ಟರೆ? ಮೂಲೆ ಅಂಗಡಿಗೆ ಓಡಿ ಯಶವಂತಪುರದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ನಾಡಿದ್ದು ಬರ್ತೀನಿ ಮೇಡಂ" ಎಂದು ಇಟ್ಟುಬಿಟ್ಟ.

ನಾನು ವಾಪಸು ಬರುವಷ್ಟರಲ್ಲಿ ಚಾಚಿ ಬಾಟಲಿಯನ್ನು ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ತಮ್ಮ ಮನೆಯ ನೀರಿನ ಮಡಕೆಯಲ್ಲಿ ತೇಲಿಬಿಟ್ಟಿದ್ದರು. "ಒಂದೆರಡು ದಿವ್ಸಕ್ಕೆ ಏನೂ ಆಗಲ್ಲ. ಹೆದರ್ಬೇಡ. ನಡಿ, ಏನಾಗಿದೆ ನೋಡೋಣ."

ಚಾಚಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದವರು. ಹೊಲಿಗೆ ಮಿಷಿನ್ನನ್ನು ಪೂರ್ತಿ ಬಿಚ್ಚಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸಬಲ್ಲವರು. ಫ್ರಿಜ್ಜಿಗೆ ಕಿವಿಯಿಟ್ಟು ಸುಮ್ಮನೆ ನಿಂತರು. ಮೋಟಾರು ಗುಂಯ್ ಎಂದು ಶುರುವಾಗುತ್ತಿತ್ತು, ಸ್ವಲ್ಪ ಹೊತ್ತಿಗೆ ಟಕ್ ಎಂದು ನಿಲ್ಲುತ್ತಿತ್ತು. ಬಾಗಿಲಿನ ಸಂದಿಗೆ ಒಂದು ಕಾಗದ ಸಿಕ್ಕಿಸಿ ಎಳೆದು ನೋಡಿದರು. ಬಿಗಿಯಾಗಿಯೇ ಇತ್ತು.

"ಬಾಗ್ಲು ಸರಿಯಾಗಿದೆ. ಮೋಟಾರು ಬಿಸಿಯಾಗಿ ನಿಂತೋಗ್ತಿದೆ ಅನ್ಸುತ್ತೆ. ನನ್ ಮಿಷಿನ್ನೂ ಹಿಂಗೇ ಹಟ ಮಾಡ್ತದೆ. ಹಿಂದ್ಗಡೆ ನೋಡ್ಬೇಕು."

ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ಅತ್ತೆ ತಟ್ಟನೆ ಬಾಯಿ ಹಾಕಿದರು: "ಹಿಂದೇನೈತಿ, ಬರೇ ಕಸ. ಬಿಡ್ರಿ ಅಕ್ಕಾರ, ಅವ ಬಂದು ನೋಡ್ತಾನ."

ನಾನು ಪ್ಲಗ್ ಕಿತ್ತೆ. ಇಬ್ಬರೂ ಸೇರಿ ಫ್ರಿಜ್ಜನ್ನು ಗೋಡೆಯಿಂದ ಮುಂದಕ್ಕೆಳೆದೆವು.

ಹಿಂಬದಿಯ ಕಪ್ಪು ಕೊಳವೆಗಳ ಜಾಲರಿ ಕಾಣಿಸುತ್ತಲೇ ಇರಲಿಲ್ಲ. ಅದರ ತುಂಬ ಸಾಲಾಗಿ ಮಗಳ ಲಂಗೋಟಿಗಳು! ಎರಡು ಜಾರಿ ಮೋಟಾರಿನ ಮೇಲೇ ಬಿದ್ದಿದ್ದವು. ಅವುಗಳ ಹಿಂದೆ ವರ್ಷಗಟ್ಟಲೆಯ ಧೂಳು ಕಂಬಳಿಯಂತೆ ಕೂತಿತ್ತು.

ನಾನು ಅತ್ತೆಯ ಕಡೆ ತಿರುಗಿದೆ. ಅವರು ಕೂಸಿನ ಟೊಪ್ಪಿಗೆ ಸರಿಮಾಡುತ್ತಿದ್ದರು.

"ನಾಕು ದಿನ ಆತು, ಬಿಸಲ ಕಂಡಿಲ್ಲ. ಕೂಸಿಗೆ ಹಸೀ ಅರಿವಿ ಹ್ಯಾಂಗ ಕಟ್ಟೂದವಾ? ಅದರ ಬೆನ್ನ ಬೆಚ್ಚಗಿತ್ತು. ಹಾಕಿದೆ." ಆಮೇಲೆ ಮೆಲ್ಲಗೆ, "ಅವರ ಔಷಧಕ್ಕ ಏನರ ಆತೇನ?" ಎಂದು ಚಾಚಿಯನ್ನು ಕೇಳಿದರು. ಅವರ ಮುಖ ಸಣ್ಣದಾಗಿತ್ತು.

ಚಾಚಿಗೆ ನಗು ತಡೆಯಲಾಗಲಿಲ್ಲ. "ಏನೂ ಆಗಿಲ್ಲ ಅಕ್ಕಾ! ನಂಗೆ ಐದು ಮಕ್ಳು. ಫ್ರಿಜ್ ಇದ್ದಿದ್ರೆ ನಾನೂ ಇದನ್ನೇ ಮಾಡ್ತಿದ್ದೆ."

ನನಗೂ ನಗು ಬಂತು, ಜೊತೆಗೆ ನಾಚಿಕೆಯೂ ಆಯಿತು. ನಾಲ್ಕು ದಿನದಿಂದ ಆ ಮಳೆಯಲ್ಲಿ ಮಗಳಿಗೆ ಒಣಗಿದ ಬಟ್ಟೆ ಎಲ್ಲಿಂದ ಬರುತ್ತಿದೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಚಾಚಿ ತಮ್ಮ ಮಿಷಿನ್ನಿನ ಬ್ರಷ್ ತಂದು ಕೊಳವೆಗಳ ಧೂಳು ಕೆದರಿದರು, ನಾನು ಒಣಬಟ್ಟೆಯಿಂದ ಒರೆಸಿದೆ. ಅತ್ತೆ ಮೂವರಿಗೂ ಚಹಾ ಮಾಡಿದರು. ಮೋಟಾರು ತಣ್ಣಗಾಗಲೆಂದು ಮಧ್ಯಾಹ್ನದವರೆಗೆ ಬಿಟ್ಟು, ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿ ಪ್ಲಗ್ ಹಾಕಿದೆವು. ಮೋಟಾರು ಗುಂಯ್ ಎಂದಿತು. ಮೂವರೂ ಟಕ್ ಎನ್ನುವುದನ್ನೇ ಕಾದೆವು. ಅದು ನಿಲ್ಲದೆ ಓಡುತ್ತಲೇ ಇತ್ತು.

ಸಂಜೆ ಐಸ್ ಟ್ರೇಯ ನೀರಿನ ಮೇಲೆ ಕೆನೆಯಂತೆ ತೆಳ್ಳಗೆ ಐಸು ಕಟ್ಟಿತ್ತು. ಅತ್ತೆಯೇ ಬೆರಳಿನಿಂದ ಒತ್ತಿ ನೋಡಿ, "ಹೆಪ್ಪಾಗೇತಿ!" ಎಂದು ಚಾಚಿಯನ್ನು ಕೂಗಿ ಕರೆದರು. ನಾನು ಮೆಕ್ಯಾನಿಕ್‌ಗೆ ಫೋನ್ ಮಾಡಿ ಬರುವುದು ಬೇಡವೆಂದೆ.

ಮಳೆ ಇನ್ನೂ ಒಂದು ವಾರ ಬಿಡಲಿಲ್ಲ. ಮರುದಿನದಿಂದ ಅತ್ತೆ ಹಸಿ ಬಟ್ಟೆಗಳನ್ನು ಬುಟ್ಟಿಯಲ್ಲಿ ಪಕ್ಕದ ಮನೆಗೆ ಒಯ್ಯುತ್ತಿದ್ದರು. ಚಾಚಿ ರವಿಕೆಗಳಿಗೆಂದು ಕಾಯಿಸಿದ ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯನ್ನು ಅವುಗಳ ಮೇಲೂ ಆಡಿಸುತ್ತಿದ್ದರು. ಗದಗದ ಕನ್ನಡಕ್ಕೂ ಚಾಚಿಯ ದಖನಿ ಉರ್ದು ಬೆರೆತ ಕನ್ನಡಕ್ಕೂ ಅಲ್ಲಿ ಅದೇನು ಮಾತು ನಡೆಯುತ್ತಿತ್ತೋ, ಅತ್ತೆ ಮನೆಗೆ ಮರಳುವಷ್ಟರಲ್ಲಿ ನನ್ನ ಅಡುಗೆಯೆಲ್ಲ ಮುಗಿದಿರುತ್ತಿತ್ತು.