ಭಾವನ ಫೋಟೊಗಳಲ್ಲಿ ಜನರಿಲ್ಲ

ನನ್ನ ಭಾವನಷ್ಟು ಹಠಮಾರಿ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಅಕ್ಕನ ಗಂಡ ಅಂತ ಇಷ್ಟು ವರ್ಷ ಸಹಿಸಿಕೊಂಡೆ. ಈಗ ಅಕ್ಕ ಇಲ್ಲ, ಆದರೂ ಸಹಿಸಿಕೊಳ್ಳುತ್ತಿದ್ದೇನೆ. ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ಅವರದೊಂದು ಸ್ಟುಡಿಯೊ ಇದೆ. ಒಂದು ಸ್ಟೂಲು, ಹಿಂದೆ ನೀಲಿ ಪರದೆ, ಗೋಡೆಗೆ ಕನ್ನಡಿ, ಯಾರೂ ಎತ್ತಿಕೊಂಡು ಹೋಗದಂತೆ ದಾರ ಕಟ್ಟಿಟ್ಟ ಬಾಚಣಿಗೆ. ಅರ್ಜಿಗೆ ಅಂಟಿಸುವ ಚಿಕ್ಕ ಫೋಟೊ ತೆಗೆಯುವುದು ಅವರ ಹೊಟ್ಟೆಪಾಡು. ಊರಿನಲ್ಲಿ ಅವರೆದುರು ಗಲ್ಲ ಎತ್ತಿ ಕೂರದವರಿಲ್ಲ.

ಆದರೆ ಅವರ ಜೀವವೆಲ್ಲ ಇದ್ದದ್ದು ವಾರದ ರಜೆಯಲ್ಲಿ. ಎಲ್ಲೋ ಒಂದು ಕೆರೆ ಮುಚ್ಚುತ್ತಾರಂತೆ, ರಸ್ತೆ ಅಗಲ ಮಾಡಲು ಮರದ ಸಾಲು ಕಡಿಯುತ್ತಾರಂತೆ, ಹಳೆಯ ಸೇತುವೆ ಒಡೆಯುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಮುಂಜಾವಿನಲ್ಲೇ ಸ್ಕೂಟರ್ ಹತ್ತುತ್ತಿದ್ದರು. ಹಿಂದಿನ ಸೀಟಿನಲ್ಲಿ ಅಕ್ಕ, ಅವಳ ತೊಡೆಯ ಮೇಲೆ ಕ್ಯಾಮೆರಾ ಚೀಲ. ಅಳಿದು ಹೋಗುವ ಜಾಗವನ್ನು ಉಳಿಸಿಕೊಳ್ಳಲು ತಮ್ಮ ಕೈಲಾಗುವುದು ಇದೊಂದೇ ಎನ್ನುತ್ತಿದ್ದರು ಭಾವ. ಇವರು ಕ್ಯಾಮೆರಾ ಹಿಡಿದು ಬಂದರೆ ಆ ಮರದ ಆಯುಸ್ಸು ಮುಗಿಯಿತು ಅಂತ ಓಣಿಯವರು ತಮಾಷೆ ಮಾಡುತ್ತಿದ್ದರು.

ಆ ಫೋಟೊಗಳಲ್ಲಿ ಒಂದು ನರಪಿಳ್ಳೆಯೂ ಇರಕೂಡದು. ಅದು ಅವರ ನಿಯಮ.

"ಮನುಷ್ಯ ಬಂದ್ರೆ ಕಣ್ಣು ಅವನ ಮೇಲೇ ಹೋಗುತ್ತೆ, ಜಾಗ ಬರೀ ಪರದೆ ಆಗುತ್ತೆ. ಮುಖಗಳನ್ನ ವಾರವೆಲ್ಲಾ ತೆಗೀತೀನಲ್ಲ, ಸಾಲ್ದಾ?" ಎನ್ನುತ್ತಿದ್ದರು.

ಹಾಗಾದರೆ ಅಕ್ಕನಿಗೆ ಅಲ್ಲೇನು ಕೆಲಸ? ಆ ಹಳೆಯ ಕ್ಯಾಮೆರಾದಲ್ಲಿ ಕೈಯಿಂದಲೇ ಲೆನ್ಸು ತಿರುಗಿಸಿ ಫೋಕಸ್ ಮಾಡಬೇಕು; ಯಾವ ದೂರಕ್ಕೆ ಹೊಂದಿಸಿದರೆ ಆ ದೂರದ್ದು ಮಾತ್ರ ಸ್ಪಷ್ಟ. ಮುಂಜಾವಿನ ಮಂದ ಬೆಳಕಿನಲ್ಲಿ ಭಾವನಿಗೆ ಮರದ ತೊಗಟೆ ಸರಿಯಾಗಿ ಕಾಣುತ್ತಿರಲಿಲ್ಲ. ಅದಕ್ಕೆ ಅಕ್ಕ ಹೋಗಿ ಮರದ ಪಕ್ಕ ನಿಲ್ಲಬೇಕು. ಅವಳ ಕನ್ನಡಕದ ಅಂಚು ಮಿನುಗುತ್ತಿತ್ತು, ಅದು ಚೆನ್ನಾಗಿ ಸ್ಪಷ್ಟವಾಗುವವರೆಗೆ ಭಾವ ತಿರುಗಿಸುತ್ತಿದ್ದರು. ಆಮೇಲೆ "ಆಯ್ತು, ಪಕ್ಕಕ್ಕೆ ಹೋಗು" ಎಂದು ಕೂಗುತ್ತಿದ್ದರು. ಅವಳು ಸರಿದ ಮೇಲೆ ಫೋಟೊ.

ಆ ಮಾತು ಅವಳ ಮೈಗೇ ಹತ್ತಿಬಿಟ್ಟಿತ್ತು. ಯಾರ ಮನೆಯಲ್ಲಿ ಯಾರು ಕ್ಯಾಮೆರಾ ಎತ್ತಿದರೂ ತಾನಾಗಿ ಪಕ್ಕಕ್ಕೆ ಹೋಗಿಬಿಡುತ್ತಿದ್ದಳು. ನನ್ನ ಮದುವೆಯ ಫೋಟೊದ ಅಂಚಿನಲ್ಲಿ ಒಂದು ಮೊಣಕೈ ಇದೆ. ಅದೇ ನನ್ನ ಒಡಹುಟ್ಟಿದವಳು.

ಅವಳು ಹೋದ ಮೇಲೆ ಭಾವ ಕ್ಯಾಮೆರಾ ಚೀಲ ಮುಟ್ಟಲಿಲ್ಲ. ಸ್ಟುಡಿಯೊ ತೆರೆಯುತ್ತಿದ್ದರು, "ಗಲ್ಲ ಎತ್ತಿ" ಅನ್ನುತ್ತಿದ್ದರು, ಮುಚ್ಚುತ್ತಿದ್ದರು. ಇಡೀ ದಿನ ಅವರ ಬಾಯಿಂದ ಬೇರೆ ಮಾತು ಬರುತ್ತಿತ್ತೋ ಇಲ್ಲವೋ. ಹೋದ ತಿಂಗಳು ಒಂದು ಮಧ್ಯಾಹ್ನ ಅವರಾಗಿಯೇ ನನಗೆ ಫೋನ್ ಮಾಡಿದರು.

"ಬಿಡುವಾಗಿದ್ರೆ ಬಾ. ಅವಳ ಫೋಟೊ ಹುಡುಕ್ಬೇಕು."

ಹೋದೆ. ಒಳಕೋಣೆಯಲ್ಲಿ, ಅಡಿಯಿಂದ ದೀಪ ಹೊತ್ತುವ ಗಾಜಿನ ಮೇಜಿನ ಮೇಲೆ ನೆಗೆಟಿವ್ ಹರಡಿಕೊಂಡಿದ್ದರು. ಸುತ್ತ ಡಬ್ಬಿಗಳ ರಾಶಿ. ನನ್ನನ್ನು ನೋಡಿ ಕೂರು ಅನ್ನಲೂ ಇಲ್ಲ.

"ಮುಖ ಮರೀತಾ ಇದೆ ಕಣೇ. ಮೂಗು ನೆನಪಾಗುತ್ತೆ, ಕನ್ನಡಕ ನೆನಪಾಗುತ್ತೆ. ಎರಡನ್ನೂ ಸೇರಿಸಿದ್ರೆ ಅವಳಾಗಲ್ಲ."

ಅವಳ ಫೋಟೊ ಇದ್ದದ್ದೇ ಎರಡು. ಅವಳ ಮದುವೆಯದರಲ್ಲಿ ಹೆದರಿದ ಹುಡುಗಿ. ಸರ್ಕಾರಿ ಕಚೇರಿಯವರು ತೆಗೆದ ಗುರುತಿನ ಚೀಟಿಯದರಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದವಳು. ನಡುವೆ ನಕ್ಕು, ಜಗಳವಾಡಿ, ಕೂದಲು ಬೆಳ್ಳಗಾದ ನನ್ನ ಅಕ್ಕ ಎಲ್ಲಿಯೂ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ಊರಲ್ಲಿರೋರ ಮುಖ ಎಲ್ಲಾ ತೆಗೆದ್ರಿ. ಮನೇಲಿದ್ದ ಒಂದು ಮುಖ ತೆಗೆಯೋಕೆ ಕೈ ಬರ್ಲಿಲ್ವಾ ಭಾವ?"

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಅವಳೆಲ್ಲಿ ಹೋಗ್ತಾಳೆ ಅಂದ್ಕೊಂಡಿದ್ದೆ. ಹೋಗೋದು ಕೆರೆ, ಮರ ಅಂದ್ಕೊಂಡಿದ್ದೆ" ಎಂದರು.

ನಾನೂ ಇನ್ನೊಂದು ಭೂತಗನ್ನಡಿ ಕೈಗೆತ್ತಿಕೊಂಡೆ. ಯಾವುದೋ ಒಂದು ಬೆಳಿಗ್ಗೆ ಅವಳು ಸರಿಯುವುದು ತಡವಾಗಿರಬಹುದು, ಅಥವಾ ಇವರ ಬೆರಳು ಅವಸರಪಟ್ಟಿರಬಹುದು. ಅದೊಂದೇ ಆಸೆ. ಮುಚ್ಚಿದ ಕೆರೆ, ಒಡೆದ ಸೇತುವೆ, ಕಡಿದ ಮರ ಎಲ್ಲವೂ ಒಂದೊಂದಾಗಿ ಕಣ್ಣ ಮುಂದೆ ಬಂದು ಹೋದವು. ಅವುಗಳಲ್ಲಿ ಒಂದೂ ಈಗ ಇಲ್ಲ, ಈ ಕೋಣೆಯಲ್ಲಿ ಮಾತ್ರ ಇವೆ. ಅಕ್ಕ ಇಲ್ಲೂ ಇಲ್ಲ. ಒಂದು ನೆರಳಾದರೂ, ಒಂದು ಮೊಣಕೈಯಾದರೂ ಸಿಗಬೇಡವೇ? ಅಷ್ಟು ಶಿಸ್ತಿನವಳು ನನ್ನ ಅಕ್ಕ. ಬೆನ್ನು ನೋಯತೊಡಗಿತು.

ಡಬ್ಬಿಗಳೆಲ್ಲ ಮುಗಿದವು. ಎದ್ದು ಮೈ ಮುರಿಯುವಾಗ ಗೋಡೆಗೆ ಒರಗಿಸಿಟ್ಟಿದ್ದ ದೊಡ್ಡ ಪ್ರಿಂಟುಗಳು ಕಂಡವು. ಹಿಂದೊಮ್ಮೆ ಗ್ರಂಥಾಲಯದವರು ಇವನ್ನು ಪ್ರದರ್ಶನಕ್ಕೆಂದು ಒಯ್ದು, ಮುಖ್ಯವಾದದ್ದೇ ಮಸುಕಾಗಿದೆ ಎಂದು ವಾಪಸು ಕಳಿಸಿದ್ದರು. ಸ್ಪರ್ಧೆಗಳಲ್ಲೂ ಪ್ರತಿ ಸಲ ಅದೇ ಮಾತು. ಭಾವ ಲೆನ್ಸನ್ನು ಬೈಯುತ್ತಿದ್ದರು, ರಿಪೇರಿಯವನನ್ನು ಬೈಯುತ್ತಿದ್ದರು. ಅವನು ಪಾಪ, ಬಿಚ್ಚಿ ನೋಡಿ ಏನೂ ಕೆಟ್ಟಿಲ್ಲ ಎಂದು ಹಿಂದಿರುಗಿಸುತ್ತಿದ್ದ.

ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ದೊಡ್ಡ ಮರ ನಿಜವಾಗಿಯೂ ಮಸುಕು. ಆದರೆ ಅದರ ಈಚೆಗೆ ಹುಲ್ಲಿನ ಒಂದೊಂದು ಎಸಳೂ ಎಣಿಸುವಷ್ಟು ಸ್ಪಷ್ಟವಾಗಿತ್ತು.

"ಏನ್ ಭಾವ ಇದು, ಮರ ಬಿಟ್ಟು ಹುಲ್ಲಿನ ಫೋಟೊ ತೆಗೆದಿದ್ದೀರಲ್ಲ?"

"ಲೆನ್ಸು ಸರಿ ಇರ್ಲಿಲ್ಲ" ಎಂದರು, ತಲೆಯೆತ್ತದೆ.

"ಅಕ್ಕ ಎಲ್ಲಿ ನಿಲ್ತಿದ್ಲು?"

"ಇನ್ನೆಲ್ಲಿ, ಮರದ ಪಕ್ಕ. ಅಲ್ಲೇ ನಿಲ್ಲು ಅಂತ ಹೇಳ್ತಿದ್ದೆ."

ಅವಳ ಒಂದು ಕಿವಿ ಮಂದ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಒಮ್ಮೆ ಪಾತ್ರೆ ತೊಳೆಯುತ್ತ ಅವಳು ನಗುನಗುತ್ತ ಒಂದು ಮಾತು ಹೇಳಿದ್ದಳು. ಆಗ ನಾನೂ ನಕ್ಕು ಮರೆತಿದ್ದೆ. ಈಗ ಅದನ್ನು ಅವಳ ಮಾತಿನಲ್ಲೇ ಭಾವನಿಗೆ ಹೇಳಿದೆ: "ಅಷ್ಟು ದೂರ ನಿಂತ್ರೆ ನಿನ್ನ ಭಾವ ಕೂಗೋದು ನಂಗೆ ಕೇಳ್ಸಲ್ಲ ಕಣೇ. ಅವ್ರು ಬಗ್ಗಿ ಕ್ಯಾಮೆರಾ ನೋಡೋಷ್ಟ್ರಲ್ಲಿ ನಾಲ್ಕು ಹೆಜ್ಜೆ ಈಚೆ ಬಂದು ನಿಂತ್ಬಿಡ್ತೀನಿ. ಇಲ್ಲಾಂದ್ರೆ ಸರಿಯೋದು ತಡ ಆಯ್ತು ಅಂತ ಬೈತಾರೆ."

ಭಾವ ಎದ್ದು ಬಂದರು. ಪ್ರಿಂಟನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟು ಭೂತಗನ್ನಡಿ ಹಿಡಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಇಲ್ಲಿ ನೋಡು. ಇಬ್ಬನಿ ಇಲ್ಲ."

ನೋಡಿದೆ. ಹುಲ್ಲಿನ ಮೇಲೆಲ್ಲ ಇಬ್ಬನಿ ಬೆಳ್ಳಗೆ ಕೂತಿತ್ತು. ನಡುವೆ ಪಾದದಗಲದ ಎರಡು ಜಾಗ ಮಾತ್ರ ಕಪ್ಪಗಿದ್ದವು. ಅಲ್ಲಿಂದ ಪಕ್ಕಕ್ಕೆ ಅಂಥವೇ ಹೆಜ್ಜೆಗಳು ಹೋಗಿ ಫೋಟೊದ ಅಂಚಿನಲ್ಲಿ ಮುಗಿದಿದ್ದವು.

ಭಾವ ಆ ಹುಲ್ಲಿನ ಮೇಲೆ ಬೆರಳಿಟ್ಟರು. "ಹೇಳಿದ ಜಾಗದಲ್ಲಿ ಒಂದು ದಿನವಾದ್ರೂ ನಿಂತ್ಲಾ ಇವಳು" ಎಂದರು. ಬೈಗುಳದಂತೆಯೇ ಶುರುವಾದ ಮಾತು ಅರ್ಧದಲ್ಲೇ ಒಡೆದುಹೋಯಿತು. ಅಕ್ಕ ಹೋದ ದಿನವೂ ಅಳದಿದ್ದ ಮನುಷ್ಯ ಅತ್ತರು.

ಕತ್ತಲಾಗುವ ಮೊದಲು ಹೊರಟೆ. "ಮನೆಗೆ ಬನ್ನಿ ಭಾವ, ಊಟ ಮಾಡ್ಕೊಂಡು ಬರೋರಂತೆ" ಎಂದೆ.

"ನೀನು ಹೋಗಿರು" ಎಂದರು.

ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಾಗಿಲಲ್ಲಿ ತಿರುಗಿ ನೋಡಿದಾಗ, ನೋಡಿ ಮುಗಿಸಿದ್ದ ಮೊದಲ ಡಬ್ಬಿಯನ್ನೇ ಮತ್ತೆ ಬಿಚ್ಚಿ ಕೂತಿದ್ದರು. ಈ ಸಲ ಫೋಟೊಗಳೊಳಗಿನ ನೆಲವನ್ನು ನೋಡುತ್ತಿದ್ದರು.